ಒಳಕ್ಕೆ ನುಂಗುವ ಬಕಾರ

ಹೊಳೆದಂಡೆಯ ಒಟುವೆರೆ ಊರಿನ ಡೋರ್ಕಸ್ ಅಯಕ್ಪೊ ಮೀನಿಗೆ ಹೊಗೆ ಹಾಕುವುದರಲ್ಲಿ ಎಷ್ಟು ನಿಧಾನವೋ, ಸಿಟ್ಟು ಕಾಯಿಸುವುದರಲ್ಲೂ ಅಷ್ಟೇ ನಿಧಾನ. ಬೇರೆ ಹೆಂಗಸರು ಬೆಂಕಿ ಜೋರು ಮಾಡಿ ಒಂದೇ ಹಗಲಲ್ಲಿ ಕೆಲಸ ಮುಗಿಸಿ ಸಂತೆಗೆ ಹೊರಟುಬಿಡುತ್ತಾರೆ. ಆ ಮೀನು ಮೇಲೆ ಕರಕಲು, ಒಳಗೆ ಹಸಿ, ಮೂರನೇ ದಿನಕ್ಕೆ ಹುಳ. ಡೋರ್ಕಸ್ ಹಾಗೆ ಮಾಡಿದವಳಲ್ಲ. ಮೀನಿನ ಬಾಲವನ್ನು ಅದರ ಬಾಯಿಗೇ ಸಿಕ್ಕಿಸಿ ಬಳೆಯ ಹಾಗೆ ಸುತ್ತಿ, ಬಿದಿರ ಜಂತಿಯ ಮೇಲೆ ಸಾಲಾಗಿ ಇಟ್ಟು, ಕೆಳಗೆ ಹಸಿ ಸೌದೆ ತುರುಕಿ, ಮೂರು ದಿನ ಹೊಗೆಯಾಡಿಸುವಳು. ಮಧ್ಯೆ ಯಾರಾದರೂ ಬಂದು ಆಯಿತೇ ಅಂತ ಕೇಳಿದರೆ, ಆಗಿಲ್ಲ ಅನ್ನುವಳು. ಅವಳ ಮೀನು ಆರು ತಿಂಗಳು ಕೆಡುತ್ತಿರಲಿಲ್ಲ. ಸಿಟ್ಟಂತೂ ಹನ್ನೊಂದು ವರ್ಷ ಕೆಡಲಿಲ್ಲ.

ಆ ಸಿಟ್ಟು ಅವಳ ತಾಯಿ ಅಬೊಡೆಯ ದೆಸೆಯಿಂದ ಬಂದದ್ದು. ಹಾಗಾಗಿ ಮೊದಲು ಅಬೊಡೆಯ ಮಾತನ್ನೇ ಹೇಳಬೇಕು.

ಅಬೊಡೆಗೆ ಐವತ್ತು ದಾಟುವಷ್ಟರಲ್ಲಿ ಎರಡು ಕಣ್ಣೂ ಹೋಗಿದ್ದವು. ಕಣ್ಣು ಹೋದವಳಿಗೆ ಕಿವಿ ಬಂತು ಅಂತ ಜನ ಅನ್ನುತ್ತಿದ್ದರು. ಸುಳ್ಳು, ಕಿವಿ ಮೊದಲಿನಿಂದಲೂ ಇತ್ತು, ಮಗಳಿಗೂ ಅದೇ ಕಿವಿ. ಅಬೊಡೆ ದೋಣಿಯಲ್ಲಿ ಕೂತು ಬಾಯಿ ಮುಚ್ಚಿಕೊಂಡು ಬರೀ ಗುನುಗಿದರೂ ಸಾಕು, ದಡದಲ್ಲಿದ್ದ ಡೋರ್ಕಸ್‌ಗೆ ಅಮ್ಮ ಉಪ್ಪು ಕೇಳುತ್ತಿದ್ದಾಳೋ ಹಗ್ಗ ಕೇಳುತ್ತಿದ್ದಾಳೋ ತಿಳಿಯುತ್ತಿತ್ತು. ಮಾತಿನ ಏರಿಳಿತವೇ ಅರ್ಧ ಮಾತು ನಮ್ಮಲ್ಲಿ. ಏರಿಸಿ ಹೇಳಿದರೆ ಒಂದು, ಇಳಿಸಿ ಹೇಳಿದರೆ ಇನ್ನೊಂದು. ಪೇಟೆಯಿಂದ ಬಂದ ಪಾದ್ರಿಯೊಬ್ಬ ಏರಿಸಬೇಕಾದಲ್ಲಿ ಇಳಿಸಿ ಇಡೀ ಸಭೆಯ ಮುಂದೆ ಏನೋ ಅಂದು, ಹೆಂಗಸರೆಲ್ಲ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದುಂಟು. ಅದಿರಲಿ.

ಸಂಜೆಯಾದರೆ ಕೇರಿಯ ಮಕ್ಕಳು ಅವಳ ಸುತ್ತ ಕೂರುತ್ತಿದ್ದರು. ಅಬೊಡೆ ಅವರ ಬಾಯಿ ತಿದ್ದುವಳು. ನಮ್ಮ ಸ್ವರಗಳಲ್ಲಿ ಎರಡು ಮನೆತನ; ಒಂದು ಮನೆಯವು ಗಂಟಲು ಅಗಲಿಸಿ ಹೇಳುವವು, ಇನ್ನೊಂದು ಮನೆಯವು ಗಂಟಲು ಬಿಗಿಹಿಡಿದು ಹೇಳುವವು. ಒಂದು ಮಾತಿನೊಳಗೆ ಒಂದೇ ಮನೆಯವರು ಕೂರಬೇಕು. ಯಾವುದಾದರೂ ಹುಡುಗಿ ಬೆರೆಸಿ ಹೇಳಿದರೆ ಅಬೊಡೆ, “ಯಾರೇ ಅದು, ಕರೀದೆ ಬಂದು ಊಟಕ್ಕೆ ಕೂತಿರೋದು?” ಅಂತ ಕೇಳುವಳು. ‘ಗ್ಬ’ ಹೇಳುವಾಗ ತುಟಿಯ ಬಾಗಿಲು, ಗಂಟಲ ಬಾಗಿಲು ಎರಡನ್ನೂ ಒಟ್ಟಿಗೆ ಮುಚ್ಚಿ ಒಟ್ಟಿಗೆ ತೆಗೆಯಬೇಕು. ಒಂದು ಮೊದಲು ತೆರೆದುಕೊಂಡರೆ ಕೆಟ್ಟಿತು. ಇವೆಲ್ಲ ಮಕ್ಕಳಿಗೆ ಹಾಲು ಕುಡಿದಷ್ಟು ಸಲೀಸು. ಕಷ್ಟದ್ದು ಬಕಾರ.

ನಮ್ಮಲ್ಲಿ ಬಕಾರ ಎರಡು. ಒಂದನ್ನು ಎಲ್ಲರ ಹಾಗೆ ಹೊರಕ್ಕೆ ಬಿಡಬೇಕು. ಇನ್ನೊಂದನ್ನು ಒಳಕ್ಕೆ ನುಂಗಬೇಕು. ಡಕಾರವೂ ಹಾಗೇ. ಅಬೊಡೆ ಮಗುವಿನ ಬೆರಳು ಹಿಡಿದು ತನ್ನ ಗಂಟಲ ಮೇಲಿಟ್ಟು, ನುಂಗುವ ಬಕಾರ ಹೇಳುವಳು. ಗಂಟಲ ಗಂಟು ಕಪ್ಪೆ ನೀರಿಗಿಳಿದ ಹಾಗೆ ಪುಳಕ್ಕನೆ ಕೆಳಗಿಳಿಯುತ್ತಿತ್ತು. ಮಕ್ಕಳು ನಗುತ್ತಿದ್ದರು. ಸರಿಯಾಗಿ ಹೇಳಿದ ಮಗುವಿಗೆ ಸುಟ್ಟ ಬಾಳೆಕಾಯಿ, ತಪ್ಪಿದ ಮಗುವಿಗೂ ಸುಟ್ಟ ಬಾಳೆಕಾಯಿ, ಸ್ವಲ್ಪ ಚಿಕ್ಕದು.

ಇಂಥ ಅಬೊಡೆಯ ಹತ್ತಿರ ಒಂದು ಬೇಸಗೆ ಕ್ಲಿಫರ್ಡ್ ಎಗ್ಬೆಲು ಬಂದ. ಅವನ ಅಪ್ಪ ನಮ್ಮೂರಿನವನೇ. ಇವನು ಮಾತ್ರ ಪೋರ್ಟ್ ಹಾರ್ಕೋರ್ಟ್ ಪೇಟೆಯಲ್ಲಿ ಹುಟ್ಟಿ ಅಲ್ಲೇ ಬೆಳೆದು ಕಾಲೇಜು ಮೇಷ್ಟ್ರಾಗಿದ್ದ. ತನ್ನ ಮನೆತನದ ಹೆಸರಿನಲ್ಲೇ ಗ್ಬ ಇದ್ದರೂ ಅದನ್ನು ಹೇಳಲು ಬಾರದೆ ‘ಎಬೆಲು’ ಅನ್ನುತ್ತಿದ್ದ. ಕ್ಯಾಸೆಟ್ ಮಿಷನ್ನು, ಒಂದು ಪೆಟ್ಟಿಗೆ ಬ್ಯಾಟರಿ, ಅಬೊಡೆಗೆ ಒಂದು ಸೀರೆಯಗಲದ ಹೂವಿನ ಬಟ್ಟೆ ತಂದಿದ್ದ. ಮಾತು ಮೃದು. ಅಬೊಡೆಗೆ ಅವನು ಇಷ್ಟವಾದ.

“ಅಮ್ಮಾ, ಇದು ಪುಸ್ತಕ ಆಗತ್ತೆ,” ಅಂದ. “ನಮ್ಮ ಒಗ್ಬಿಯಾ ಮಾತನ್ನ ಮಕ್ಕಳು ಶಾಲೇಲಿ ಓದೋ ಹಾಗಾಗತ್ತೆ. ಮೊದಲನೇ ಪುಟದಲ್ಲೇ ನಿಮ್ಮ ಹೆಸರು ಹಾಕ್ತೀನಿ.”

“ಹೆಸರು ತಗೊಂಡು ನಾನೇನು ಮಾಡ್ಲಪ್ಪ, ಓದಕ್ಕೆ ಕಣ್ಣಿಲ್ಲ,” ಅಂದಳು ಅಬೊಡೆ. ಅಂದಳೇ ಹೊರತು ಅವಳ ಮುಖ ಅರಳಿದ್ದನ್ನು ಡೋರ್ಕಸ್ ನೋಡಿದಳು.

ಒಂದು ಬೇಸಗೆ ಪೂರ್ತಿ ಅಬೊಡೆ ಮಾತಾಡಿದಳು. ಮೀನುಗಳ ಹೆಸರು, ಬಲೆ ಹೆಣೆಯುವ ಮಾತು, ಹೆರಿಗೆಯ ಹಾಡು, ಊರು ಕಟ್ಟಿದವನು ದೋಣಿಯಲ್ಲಿ ಬಂದ ಕತೆ, ಅಲ್ಲಿಂದ ಇಲ್ಲಿಯವರೆಗಿನ ಹಿರಿಯರ ಹೆಸರಿನ ಸಾಲು. ಡೋರ್ಕಸ್ ಹೊಗೆ ಹಾಕುವ ಕೆಲಸ ಬಿಟ್ಟು ಪಕ್ಕದಲ್ಲಿ ಕೂತು ನೀರು ಕೊಡುತ್ತಿದ್ದಳು. ಮೂವತ್ತೆಂಟು ಕ್ಯಾಸೆಟ್ ತುಂಬಿದವು.

ಮರುವರ್ಷ ಪುಸ್ತಕ ಬಂತು. ಹೊದಿಕೆಯ ಮೇಲೆ ಕ್ಲಿಫರ್ಡನ ಹೆಸರು. ಡೋರ್ಕಸ್ ಆರನೇ ಇಯತ್ತೆಯವರೆಗೆ ಓದಿದವಳು. ಅಮ್ಮನ ಪಕ್ಕ ಕೂತು ಮೊದಲ ಪುಟ ತೆಗೆದಳು, ಎರಡನೆಯದು ತೆಗೆದಳು.

“ಎಲ್ಲಿದೆ ಓದೇ,” ಅಂದಳು ಅಬೊಡೆ.

“ಹುಡುಕ್ತಿದೀನಿ ಅಮ್ಮ.”

ಹೆಂಡತಿಗೆ ಕೃತಜ್ಞತೆ ಇತ್ತು, ಕಾಲೇಜಿಗಿತ್ತು, ಟೈಪು ಮಾಡಿಕೊಟ್ಟ ಹುಡುಗಿಗೂ ಇತ್ತು. ಐವತ್ತೊಂದನೇ ಪುಟದಲ್ಲಿ ಅಬೊಡೆಯ ಚಿತ್ರ, ಹೂವಿನ ಬಟ್ಟೆ ಉಟ್ಟುಕೊಂಡು. ಕೆಳಗೆ ‘ಊರಿನ ಒಬ್ಬ ಮುದುಕಿ’ ಅಂತ ಇತ್ತು. ಹಿರಿಯರ ಸಾಲನ್ನು ತನ್ನ ತಂದೆಯ ಬಾಯಿಂದ ಕೇಳಿ ಕಲಿತೆ ಅಂತ ಬರೆದುಕೊಂಡಿದ್ದ. ಅವನ ಅಪ್ಪ ಹೊಳೆ ಬಿಟ್ಟು ಹೋದಾಗ ಇವನಿನ್ನೂ ಹುಟ್ಟಿರಲಿಲ್ಲ. ಅವನಪ್ಪನಿಗೆ ತನ್ನ ಅಜ್ಜನ ಹೆಸರಾದರೂ ನೆಟ್ಟಗೆ ಗೊತ್ತಿತ್ತೋ ಇಲ್ಲವೋ.

“ಇಲ್ಲ ಅಮ್ಮ,” ಅಂದಳು ಡೋರ್ಕಸ್. ಸುಳ್ಳು ಹೇಳಬಹುದಿತ್ತು, ಹೇಳಬೇಕಿತ್ತು ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿದ್ದುಂಟು.

ಅಬೊಡೆ ಪುಸ್ತಕದ ಅಂಚು ಸವರುತ್ತ, “ಕೊನೇ ಪುಟದಲ್ಲಿ ನೋಡ್ದೆಯಾ,” ಅಂದಳು.

“ನೋಡ್ದೆ.”

“ಮತ್ತೊಂದ್ಸಲ ನೋಡು. ಎರಡು ಪುಟ ಅಂಟಿಕೊಂಡಿರ್ಬೋದು.”

ಮಳೆಗಾಲದಲ್ಲಿ ಅಬೊಡೆ ತೀರಿಕೊಂಡಳು. ಅದು ವಯಸ್ಸಿನ ಸಾವೇ, ಪುಸ್ತಕದಿಂದ ಸತ್ತಳು ಅನ್ನಲಾಗದು. ಆದರೆ ಪುಸ್ತಕ ಬಂದ ಮೇಲೆ ಸಂಜೆ ಮಕ್ಕಳು ಬಂದರೆ, “ಹೋಗ್ರೋ, ಮೇಷ್ಟ್ರು ಪುಸ್ತಕದಲ್ಲಿ ಬರೆದಿದಾರೆ, ಅಲ್ಲಿ ಓದ್ಕೊಳ್ಳಿ,” ಅಂತ ಕಳಿಸಿಬಿಡುತ್ತಿದ್ದಳು. ಡೋರ್ಕಸ್ ಅದನ್ನು ಎದೆಯೊಳಗಿಟ್ಟು ಕೆಳಗೆ ಹಸಿ ಸೌದೆ ತುರುಕಿದಳು.

ಹನ್ನೊಂದು ವರ್ಷ ಕಳೆಯಿತು. ಡೋರ್ಕಸ್‌ಗೆ ಐವತ್ತೆಂಟಾಯಿತು, ಗಂಡ ಹೋದ, ಹೆಣ್ಣುಮಕ್ಕಳು ಇಬ್ಬರೂ ಮದುವೆಯಾಗಿ ಹೊಳೆಯ ಕೆಳಗಿನ ಊರುಗಳಿಗೆ ಹೋದರು. ಪಕ್ಕದ ಮನೆಯಲ್ಲಿ ಕಂಫರ್ಟ್ ಇದ್ದಳು. ತಾಳೆಹೆಂಡ ಕಾಯಿಸಿ ಇಳಿಸಿದ ಕೈಕೈ ಮಾರುವವಳು, ಕೈಕೈಯಂತೆಯೇ ಗಂಟಲು ಸುಡುವ ಬಾಯಿ. ಸುದ್ದಿ ತಂದವಳು ಅವಳೇ.

“ನಿನ್ನ ಮೇಷ್ಟ್ರಿಗೆ ಪಟ್ಟ ಕಟ್ತಾರಂತೆ ಕಣೇ,” ಅಂದಳು. “ಊರಿನ ನಾಲಗೆ ಅಂತ. ಪುಸ್ತಕ ಬರೆದದ್ದಕ್ಕೆ. ಟೋಪಿ, ಕೋಲು, ಎಲ್ಲಾ.”

“ನನ್ನ ಮೇಷ್ಟ್ರು ಯಾಕಾಗ್ತಾನೆ.”

“ಹನ್ನೊಂದು ವರ್ಷದಿಂದ ನಿನ್ನ ಬಾಯಲ್ಲಿ ಅವನ ಹೆಸರು ಬಿಟ್ರೆ ಬೇರೆ ಗಂಡಸಿನ ಹೆಸರು ಕೇಳಿಲ್ಲ ನಾನು. ನಿನ್ನ ಗಂಡನ ಹೆಸರೂ ಇಷ್ಟು ಬರ್ತಿರ್ಲಿಲ್ಲ.”

ಪಟ್ಟ ಕಟ್ಟಿಸಿಕೊಳ್ಳುವವನು ಊರ ಬಯಲಲ್ಲಿ ಎದ್ದು ನಿಂತು, ಹೊಳೆಗೆ ಕೈಕೈ ಎರೆದು, ಊರು ಕಟ್ಟಿದವನಿಂದ ಹಿಡಿದು ತನ್ನ ತಂದೆಯವರೆಗೆ ಹಿರಿಯರ ಸಾಲನ್ನು ಕರೆಯಬೇಕು. ಕೈಯಲ್ಲಿ ಕಾಗದ ಇರಕೂಡದು. ಸತ್ತವರು ಓದು ಬಲ್ಲವರಲ್ಲ, ಬಾಯಿ ಕೇಳಿಯೇ ಬರಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಮೂರು ಸಲ ತಪ್ಪಿದರೆ ಟೋಪಿ ಪೆಟ್ಟಿಗೆಯೊಳಕ್ಕೆ ಹೋಗುತ್ತದೆ.

ಹಾಗಾಗಿ ಕ್ಲಿಫರ್ಡ್ ಒಂದು ಮಧ್ಯಾಹ್ನ ಡೋರ್ಕಸಳ ಹೊಗೆ ಚಪ್ಪರದ ಕೆಳಗೆ ಬಂದು ನಿಂತ. ತಲೆ ನರೆತಿತ್ತು, ಹೊಟ್ಟೆ ಬಂದಿತ್ತು. ಹೊಗೆಗೆ ಕೆಮ್ಮಿದ. ಅವಳು ಎದ್ದೇಳಲಿಲ್ಲ.

“ಡೋರ್ಕಸ್ ಅಕ್ಕಾ, ಚೆನ್ನಾಗಿದೀರಾ?”

“ಬೆಂಕಿ ಚೆನ್ನಾಗಿದೆ. ಮೀನೂ ಚೆನ್ನಾಗಿದೆ.”

ಅವನು ಮೀನಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತ. ಬಿಳಿ ಪ್ಯಾಂಟು, ಅದರ ಮೇಲೆಲ್ಲ ಮೀನಿನ ಹುರುಪೆ. ಹೇಳಲೋ ಬೇಡವೋ ಅಂತ ಸ್ವಲ್ಪ ಒದ್ದಾಡಿ ಹೇಳಿದ. “ಊರ ಮುಖ್ಯಸ್ಥ ಅಮಾಂಗಿ ಅವರು ನನ್ನ ಬಾಯಿ ಕೇಳಿ ನಕ್ಕುಬಿಟ್ರು ಅಕ್ಕಾ. ನಿನ್ನ ಬಕಾರ ಎಲ್ಲಾ ಒಂದೇ ಅಂದ್ರು. ನಾನು ಪುಸ್ತಕದಲ್ಲಿ ಎರಡಕ್ಕೂ ಒಂದೇ ಅಕ್ಷರ ಬರೆದಿದೀನಿ. ನಂಗೆ ವ್ಯತ್ಯಾಸವೇ ಕೇಳಿಸಲ್ಲ. ಯಾವುದನ್ನ ನುಂಗಬೇಕು, ಯಾವುದನ್ನ ಬಿಡಬೇಕು, ಒಂದೂ ಗೊತ್ತಿಲ್ಲ.”

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಡೋರ್ಕಸಳ ಮನಸ್ಸು ಸ್ವಲ್ಪ ಸಡಿಲವಾಯಿತು. ಇಷ್ಟು ದೊಡ್ಡ ಮನುಷ್ಯ ಮೀನು ಬುಟ್ಟಿಯ ಮೇಲೆ ಕೂತು, ನಂಗೆ ಕೇಳಿಸಲ್ಲ ಅಂದನಲ್ಲ. ಕಲಿಸೋಣ, ಬದಲಿಗೆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುವಾಗ ಅಮ್ಮನ ಹೆಸರು ಹಾಕು ಅನ್ನೋಣ ಅಂತ ನಾಲಗೆಯ ತುದಿಗೇ ಬಂದಿತ್ತು. ಇನ್ನೊಂದು ಆಸೆಯೂ ಇತ್ತು. ಅದನ್ನೇ ಮೊದಲು ಕೇಳಿದಳು.

“ಅಮ್ಮನ ಕ್ಯಾಸೆಟ್ ಇದಾವಲ್ಲ, ಅದರಲ್ಲಿ ಕೇಳಿದ್ರಾಗ್ತಿತ್ತು. ತಂದಿದೀರಾ? ನನಗೂ ಒಂದ್ಸಲ ಕೇಳಬೇಕು ಅಂತ.”

“ಅಯ್ಯೋ, ಅವೆಲ್ಲಿ ಅಕ್ಕಾ ಈಗ,” ಅಂದ ಕ್ಲಿಫರ್ಡ್, ಪ್ಯಾಂಟಿನ ಹುರುಪೆ ಕೊಡವುತ್ತ. “ಪುಸ್ತಕ ಬರೆದಾದ ಮೇಲೆ ಅವು ಬೇಕಾಗ್ಲಿಲ್ಲ. ಕ್ಯಾಸೆಟ್ ಒಳ್ಳೇವಿದ್ವು, ನನ್ನ ಹೆಂಡತಿ ಚರ್ಚಿನಲ್ಲಿ ಪಾದ್ರಿ ಮಾಡೋ ಪ್ರಸಂಗ ತುಂಬಿಸಿಕೊಂಡ್ಲು.”

“ಎಲ್ಲಾದರ ಮೇಲೂ?”

“ಮೂವತ್ತೆಂಟರ ಮೇಲೂ. ಅವಳಿಗೆ ಪ್ರಸಂಗ ಅಂದ್ರೆ ಪ್ರಾಣ.” ಅವನು ನಕ್ಕ. ಹೆಂಡತಿಯ ಮೇಲಿನ ಅಕ್ಕರೆಯ ನಗು, ಅದರಲ್ಲಿ ಕೇಡೇನೂ ಇರಲಿಲ್ಲ. ಕೇಡಿದ್ದಿದ್ದರೇ ವಾಸಿಯಿತ್ತು.

ಡೋರ್ಕಸ್ ಎದ್ದು ಜಂತಿಯ ಮೇಲಿನ ಮೀನನ್ನು ಒಂದೊಂದಾಗಿ ಮಗುಚಿದಳು. ಇಡೀ ಸಾಲು ಮಗುಚುವಷ್ಟು ಹೊತ್ತು ಬೆನ್ನು ತಿರುಗಿಸಿಯೇ ನಿಂತಿದ್ದಳು. ಅಮ್ಮ ಸತ್ತದ್ದು ಒಂದು ಸಲ ಅಂತ ಇಷ್ಟು ವರ್ಷ ತಿಳಿದುಕೊಂಡಿದ್ದಳು. ತಿರುಗಿದಾಗ ಮುಖ ಎಂದಿನ ಹಾಗೇ ಇತ್ತು.

“ನಾಳೆಯಿಂದ ಬನ್ನಿ,” ಅಂದಳು. “ಪಟ್ಟಕ್ಕೆ ಇನ್ನೂ ಮೂರು ವಾರ ಇದೆಯಲ್ಲ. ಕಲಿಸ್ತೀನಿ. ಊಟ ಇಲ್ಲೇ ಮಾಡಿ.”

ಕಲಿಸಿದಳು. ಅವನ ಬೆರಳನ್ನು ತನ್ನ ಗಂಟಲ ಮೇಲಿಡಿಸಿಕೊಂಡು, ಗಂಟು ಇಳಿಯುವುದನ್ನು ತೋರಿಸಿ, ಉಸಿರನ್ನು ಹಿಂದಕ್ಕೆ ಹೇಗೆ ಎಳೆಯಬೇಕು ಅಂತ ಹೇಳಿಕೊಟ್ಟಳು. ಒಂದು ವಾರ ಅವನಿಗೆ ಬಿಕ್ಕಳಿಕೆ ಬಿಟ್ಟು ಬೇರೇನೂ ಬರಲಿಲ್ಲ. ಎರಡನೇ ವಾರದಲ್ಲಿ ಪುಳಕ್ಕನೆ ಇಳಿಯಿತು. ಮಗುವಿನ ಹಾಗೆ ಹಿಗ್ಗಿದ. ಡೋರ್ಕಸ್ ಒಗ್ಬೊನೊ ಬೀಜದ ಸಾರಿಗೆ ತನ್ನ ಒಳ್ಳೆಯ ಮೀನು ಹಾಕಿ, ಬಾಳೆಕಾಯಿ ಕುಟ್ಟಿ ಬಡಿಸಿದಳು. ಅಂಟಂಟು ಸಾರು ಗಡ್ಡದ ಮೇಲೆ ಇಳಿಯುತ್ತಿದ್ದರೂ ಅವನಿಗೆ ಅಭ್ಯಾಸದ್ದೇ ಧ್ಯಾನ.

ನುಂಗುವುದನ್ನು ನೆಟ್ಟಗೇ ಕಲಿಸಿದಳು, ಅದರಲ್ಲಿ ಮೋಸವಿಲ್ಲ. ಎಲ್ಲಿ ನುಂಗಬೇಕು ಅನ್ನುವುದನ್ನು ಮಾತ್ರ ತಿರುವುಮುರುವು ಮಾಡಿ ಕಲಿಸಿದಳು. ನುಂಗಬೇಕಾದಲ್ಲಿ ಬಿಡು, ಬಿಡಬೇಕಾದಲ್ಲಿ ನುಂಗು. ಪೆನ್ಸಿಲು ಕೊಟ್ಟು ಅವನ ಕೈಯಿಂದಲೇ ಅವನ ಪುಸ್ತಕದಲ್ಲಿ ಬಕಾರ ಬಕಾರಕ್ಕೂ ಚುಕ್ಕಿ ಇಡಿಸಿದಳು. ಒಂದು ಚುಕ್ಕಿಯೂ ಸರಿಯಾದ ಜಾಗದಲ್ಲಿರಲಿಲ್ಲ.

ಇದು ಸುಲಭವೆಂದು ಯಾರೂ ತಿಳಿಯಬೇಡಿ. ತಪ್ಪು ಹೇಳಿಕೊಡಬೇಕಾದರೆ ಡೋರ್ಕಸ್ ತಾನೇ ತಪ್ಪು ಹೇಳಬೇಕು. ಅಮ್ಮ ಅಷ್ಟು ಜತನದಿಂದ ತಿದ್ದಿದ ನಾಲಗೆ ಪ್ರತಿ ಸಲವೂ ಹಟ ಮಾಡುತ್ತಿತ್ತು. ಅವನು ಹೋದ ಮೇಲೆ ಬಾಯಿ ಮುಕ್ಕಳಿಸಿ, ಸಾಲನ್ನು ಒಂದು ಸಲ ಸರಿಯಾಗಿ ಹೇಳಿಕೊಂಡೇ ಬೇರೆ ಕೆಲಸಕ್ಕೆ ಕೈ ಹಾಕುತ್ತಿದ್ದಳು.

ಒಂದು ದಿನ ಕೆಲಸ ಕೆಡುವುದರಲ್ಲಿತ್ತು. ಕಂಫರ್ಟ್ ಬೆಂಕಿ ಕೇಳಲು ಬಂದವಳು, ಅವನ ಮಾತಿಗೆ ಮಾತು ಸೇರಿಸಿ ಊರು ಕಟ್ಟಿದವನ ಬಿರುದನ್ನು ಸರಿಯಾಗಿ ಅಂದುಬಿಟ್ಟಳು. ಕ್ಲಿಫರ್ಡನ ಕಿವಿಗೆ ತಿಳಿಯದಿದ್ದರೂ ಅವಳ ಗಂಟಲ ಗಂಟು ಇಳಿದದ್ದು ಕಣ್ಣಿಗೆ ಬಿತ್ತು. ತಲೆ ಎತ್ತಿದ.

“ಇವರು ಅಲ್ಲಿ ನುಂಗಿದ್ರು. ನೀವು ಬಿಡು ಅಂದಿದ್ರಿ ಅಕ್ಕಾ.”

“ಅವಳು ಮೇಲಿನ ಹೊಳೆಯಿಂದ ಮದುವೆಯಾಗಿ ಬಂದೋಳು,” ಅಂದಳು ಡೋರ್ಕಸ್, ಸೌದೆ ತಳ್ಳುತ್ತ. “ಅಲ್ಲಿನೋರ ಬಾಯೇ ಹಾಗೆ. ಎಲ್ಲಾನೂ ನುಂಗ್ತಾರೆ. ನಲವತ್ತು ವರ್ಷ ಆಯ್ತು, ತಿದ್ದಿ ತಿದ್ದಿ ಸಾಕಾಯ್ತು ನಂಗೆ.”

ಕ್ಲಿಫರ್ಡ್ ಅದನ್ನೂ ಬರೆದುಕೊಂಡ. ಅವನು ಹೋಗುವವರೆಗೆ ಕಂಫರ್ಟ್ ಬಾಯಿ ಬಿಗಿದು ಕೂತಿದ್ದಳು. ಆಮೇಲೆ ಸೊಂಟಕ್ಕೆ ಕೈ ಕೊಟ್ಟಳು.

“ನನ್ನ ಬಾಯಿ ಹೇಗೇ? ನಾನು ಎರಡು ಮನೆಯಾಚೆ ಹುಟ್ಟಿದೋಳು. ಯಾವ ಮೇಲಿನ ಹೊಳೆ?”

ಡೋರ್ಕಸ್ ಹೇಳಿದಳು. ಮೊದಲಿನಿಂದ ಕೊನೆಯವರೆಗೆ, ಕ್ಯಾಸೆಟ್ಟಿನ ಮಾತೂ ಸೇರಿಸಿ. ಕಂಫರ್ಟ್ ನಿಧಾನವಾಗಿ ಬುಟ್ಟಿಯ ಮೇಲೆ ಕೂತಳು. ಬಿಡುವ ಬಕಾರದಲ್ಲಿ ಊರು ಕಟ್ಟಿದವನ ಬಿರುದನ್ನು ಬಾಯೊಳಗೇ ಹೇಳಿ ನೋಡಿಕೊಂಡಳು. ಆಮೇಲೆ ಭುಜ ಕುಲುಕತೊಡಗಿದವು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ತಟ್ಟನೆ ನಿಲ್ಲಿಸಿದಳು.

“ಅದ್ಸರಿ. ಸತ್ತೋರನ್ನ ಹಾಗೆ ಕೂಗಿಸಿದ್ರೆ ಅವರು ಸುಮ್ನಿರ್ತಾರಾ? ನಿನ್ನ ಮೇಲೆ ತಿರುಗಿದ್ರೆ?”

“ಅವರ ಜೊತೇಲಿ ಅಮ್ಮ ಇದಾಳೆ. ಹೇಳ್ತಾಳೆ ಅವರಿಗೆ.”

“ನಿಮ್ಮಮ್ಮ ಯಾರಿಗೂ ತಪ್ಪು ಹೇಳಿಕೊಟ್ಟೋಳಲ್ಲ ಕಣೇ.”

“ಅಮ್ಮನ ಥರ ಒಳ್ಳೇತನ ನಂಗೆ ಬರ್ಲಿಲ್ಲ,” ಅಂದಳು ಡೋರ್ಕಸ್. “ಕಿವಿ ಮಾತ್ರ ಬಂತು.”

ಪಟ್ಟದ ದಿನ ಬೆಳಗಿನಿಂದಲೇ ಬಯಲು ತುಂಬಿತು. ಕೆಳಗಿನ ಊರುಗಳಿಂದ ದೋಣಿ ಮೇಲೆ ದೋಣಿ. ಹೆಂಗಸರು ಎರಡೆರಡು ಬಟ್ಟೆ ಉಟ್ಟು, ತಲೆಗೆ ಗೋಪುರ ಕಟ್ಟಿಕೊಂಡು ಬಂದಿದ್ದರು. ಹಿರಿಯರು ಮೊಣಕಾಲವರೆಗಿನ ಬಿಳಿ ಅಂಗಿ, ಕರಿಯ ಗುಂಡು ಟೋಪಿ ಹಾಕಿ ಸಾಲು ಕುರ್ಚಿಗಳಲ್ಲಿ ಕೂತಿದ್ದರು. ಪೋರ್ಟ್ ಹಾರ್ಕೋರ್ಟಿನಿಂದ ಕ್ಲಿಫರ್ಡನ ಕಾಲೇಜಿನವರು ಒಂದು ಬಸ್ಸು ತುಂಬ ಬಂದಿದ್ದರು, ವಿಡಿಯೋ ತೆಗೆಯುವವನನ್ನೂ ಕರೆತಂದಿದ್ದರು. ಮುಂದಿನ ಸಾಲಿನಲ್ಲಿ ಹೆಂಡತಿ, ಪ್ರಸಂಗ ಅಂದರೆ ಪ್ರಾಣ ಬಿಡುವವಳು, ಬೀಸಣಿಗೆ ಹಿಡಿದು ಕೂತಿದ್ದಳು. ಡೋರ್ಕಸ್ ಹೆಂಗಸರ ಕಡೆ ಎರಡನೇ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಕಂಫರ್ಟ್.

ಕ್ಲಿಫರ್ಡ್ ಎದ್ದು ನಿಂತ. ಹೊಳೆಗೆ ಕೈಕೈ ಎರೆದ. ಮೂರು ವಾರದ ಅಭ್ಯಾಸದ ಧೈರ್ಯವಿತ್ತು. ಗಂಟಲು ಸರಿಮಾಡಿಕೊಂಡು ಊರು ಕಟ್ಟಿದವನನ್ನು ಕರೆದ.

ಆ ಬಿರುದನ್ನು ನುಂಗಿ ಹೇಳಿದರೆ ‘ನೀರಲ್ಲಿ ದಾರಿ ಬಿಟ್ಟವನು’ ಅಂತ. ಬಿಟ್ಟು ಹೇಳಿದರೆ ‘ನೀರಲ್ಲಿ ಹೂಸು ಬಿಟ್ಟವನು’.

ಬಯಲೆಲ್ಲ ಒಂದು ಕ್ಷಣ ತೆಪ್ಪಗಾಯಿತು. ತಪ್ಪಿ ಬಂದಿರಬೇಕು ಅಂತ ದೊಡ್ಡವರು ಅಂದುಕೊಂಡರು. ಕ್ಲಿಫರ್ಡ್ ಆ ಮೌನವನ್ನು ಗೌರವ ಅಂತ ತಿಳಿದು ಇನ್ನೂ ಗಟ್ಟಿಯಾಗಿ ಮುಂದುವರಿಸಿದ. ಎರಡನೆಯವನು ‘ಮೊಸಳೆಯ ಅಣ್ಣ’, ಮೊಸಳೆಗೂ ಅಂಜದವನು. ಇವನ ಬಾಯಲ್ಲಿ ಮೊಸಳೆಯ ಕುರು ಆದ. ಮೂರನೆಯವಳು ಬರಗಾಲದಲ್ಲಿ ಊರಿಗೆ ಅನ್ನ ಹಾಕಿದ ಮಹಾತಾಯಿ. ಅವಳು ಊರಿಗೆ ಏನು ಹಾಕಿದಳು ಅಂತ ಇವನಂದನೋ ಅದನ್ನು ಇಲ್ಲಿ ಹೇಳುವಂತಿಲ್ಲ.

ಮೊದಲು ನಕ್ಕವರು ಮಕ್ಕಳು. ಆಮೇಲೆ ಹೆಂಗಸರ ಸಾಲು. ತಲೆಯ ಗೋಪುರಗಳು ಅಲ್ಲಾಡಿದವು.

“ಸಾರ್, ಆ ನೀರನ್ನೇ ನಾವು ಕುಡಿಯೋದು,” ಅಂತ ಹಿಂದಿನಿಂದ ಯಾರೋ ಕೂಗಿದರು.

ಮುಖ್ಯಸ್ಥ ಅಮಾಂಗಿ ಕೋಲನ್ನು ನೆಲಕ್ಕೆ ಕುಟ್ಟಿದ. “ಮೊದಲಿಂದ,” ಅಂದ.

ಎರಡನೇ ಸಲ ಕ್ಲಿಫರ್ಡ್ ಒಂದೊಂದನ್ನೂ ಬಿಡಿಬಿಡಿಯಾಗಿ, ಡೋರ್ಕಸ್ ಹೇಳಿಕೊಟ್ಟದ್ದನ್ನು ಚುಕ್ಕಿ ತಪ್ಪದೆ ಹೇಳಿದ. ಹೆಚ್ಚು ಸ್ಪಷ್ಟವಾದಷ್ಟೂ ಹೆಚ್ಚು ಕೆಟ್ಟಿತು. ಈ ಸಲ ಮುದುಕರೂ ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದರು. ಅವನ ಹೆಂಡತಿಗೆ ನಮ್ಮ ಮಾತು ಬಾರದು. ಜನ ಖುಷಿಯಾಗಿದ್ದಾರೆ ಅಂತ ತಿಳಿದು ಅವಳೂ ನಗುತ್ತ ಚಪ್ಪಾಳೆ ತಟ್ಟಿದಳು. ಡೋರ್ಕಸ್ ನಗಲಿಲ್ಲ. ಊಟದಲ್ಲಿ ಮುಳ್ಳು ಬಿಡಿಸುವವಳ ಹಾಗೆ ಒಂದೊಂದು ಮಾತನ್ನೂ ಕೇಳುತ್ತ ಕೂತಿದ್ದಳು.

“ಅಲ್ಲಯ್ಯಾ,” ಅಂದ ಅಮಾಂಗಿ, ಈಗ ಅವನ ದನಿಯಲ್ಲಿ ನಗು ಇರಲಿಲ್ಲ. “ಬಾರದೇ ಇರೋರನ್ನ ನೋಡಿದೀನಿ. ಒಂದೂ ಬಿಡದ ಹಾಗೆ ತಪ್ಪು ಹೇಳೋನನ್ನ ನೋಡಿಲ್ಲ. ಇದು ಮರೆವಲ್ಲ. ಯಾರೋ ಕಲಿಸಿರಬೇಕು. ಯಾರು ಕಲಿಸಿದ್ದು ನಿಂಗೆ?”

ಕ್ಲಿಫರ್ಡ್ ಹೆಂಗಸರ ಸಾಲಿನ ಕಡೆ ನೋಡಿದ. ಆಗ ಅವನಿಗೆ ಅರ್ಥವಾಯಿತು. ಮೂರು ವಾರದ ಸಾರು, ಚುಕ್ಕಿ, ಮೇಲಿನ ಹೊಳೆ, ಎಲ್ಲವೂ. ಪುಸ್ತಕದಲ್ಲಿ ತಂದೆಯ ಬಾಯಿಂದ ಕಲಿತೆ ಅಂತ ಬರೆದಿದ್ದ. ಆ ಪುಸ್ತಕಕ್ಕೇ ಈ ಟೋಪಿ. ತಂದೆಯೇ ಕಲಿಸಿದ್ದು ಅಂದರೆ ಹಿರಿಯರನ್ನು ಹೀಗೆ ಬೈದವನು ತಂದೆಯಾಗುತ್ತಾನೆ. ಡೋರ್ಕಸ್ ಅಂದರೆ ಪುಸ್ತಕ ಸುಳ್ಳಾಗುತ್ತದೆ. ವಿಡಿಯೋದವನು ಇನ್ನೂ ತೆಗೆಯುತ್ತಲೇ ಇದ್ದ.

“ಡೋರ್ಕಸ್,” ಅಂದ ಕೊನೆಗೆ. “ಬೇಕಂತಲೇ ತಪ್ಪು ಕಲಿಸಿದಾಳೆ.”

ಡೋರ್ಕಸ್ ಎದ್ದು ನಿಂತಳು. ಮೇಲುಬಟ್ಟೆ ಸರಿಮಾಡಿಕೊಂಡಳು.

“ಹೌದು, ಬೇಕಂತಲೇ,” ಅಂದಳು. “ಅದಕ್ಕೆ ದಂಡ ಹಾಕಿ, ಕೊಡ್ತೀನಿ. ಆದ್ರೆ ಒಂದು ಕೇಳಿ ಹಿರಿಯರೇ. ತಂದೆಯಿಂದ ಕಲಿತೋನು ನನ್ನ ಹೊಗೆ ಚಪ್ಪರಕ್ಕೆ ಯಾಕೆ ಬಂದ? ಪುಸ್ತಕದಲ್ಲಿರೋದು ಯಾರ ಮಾತು ಅಂತ ಅವನೇ ಹೇಳ್ಲಿ.”

ಅಮಾಂಗಿ ಕ್ಲಿಫರ್ಡನ ಕಡೆ ತಿರುಗಿದ. ಅಬೊಡೆ ಬಾಯಿ ತಿದ್ದಿದ ಮಕ್ಕಳಲ್ಲಿ ಅಮಾಂಗಿಯ ಮಕ್ಕಳೂ ಇದ್ದರು. ಅವನಿಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಪುಸ್ತಕ ಬಂದ ಹೆಮ್ಮೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ ಅಷ್ಟೆ.

“ಹೇಳು,” ಅಂದ.

“ಅವಳ ತಾಯಿಯದು,” ಅಂದ ಕ್ಲಿಫರ್ಡ್, ನೆಲ ನೋಡುತ್ತ.

“ಆ ತಾಯಿಗೆ ಹೆಸರಿತ್ತು,” ಅಂದಳು ಡೋರ್ಕಸ್.

ಅವನು ಹೆಸರು ಹೇಳಿದ. ಬಕಾರವನ್ನೂ ಡಕಾರವನ್ನೂ ಹೊರಕ್ಕೆ ಬಿಟ್ಟು ಹೇಳಿದ. ಆ ಹೆಸರಿನಲ್ಲಿ ಎರಡನ್ನೂ ನುಂಗಬೇಕು.

“ಅದು ಯಾರು? ಅಂಥೋಳು ಈ ಊರಲ್ಲಿ ಇರ್ಲಿಲ್ಲ. ಮತ್ತೊಂದ್ಸಲ.”

ಮತ್ತೊಂದು ಸಲ ಹೇಳಿದ. ಬಕಾರ ಇಳಿಯಿತು, ಡಕಾರ ಇಳಿಯಲಿಲ್ಲ. ಹೆಂಗಸರ ಕಡೆ ಯಾರೋ ಕಿಸಕ್ಕೆಂದರು. ಕಂಫರ್ಟ್ ತಿರುಗಿ ನೋಡಿದಳು, ನಗು ನಿಂತಿತು.

“ಮತ್ತೊಂದ್ಸಲ.”

ಏಳು ಸಲ ಹೇಳಿಸಿದಳು. ಬೆವರು ಅವನ ಬಿಳಿ ಅಂಗಿಯ ಬೆನ್ನಿಗಿಳಿಯಿತು. ಐದನೇ ಸಲಕ್ಕೆ ಹೆಂಡತಿ ಬೀಸಣಿಗೆ ನಿಲ್ಲಿಸಿದಳು. ಬಯಲಲ್ಲಿ ಯಾರೂ ನಗುತ್ತಿರಲಿಲ್ಲ. ಕೆಲವರಿಗೆ ಸಾಕು ಅನ್ನಿಸಿತ್ತು, ಅಮಾಂಗಿಯ ತಮ್ಮನಂತೂ, “ಬಿಡಮ್ಮಾ, ವಯಸ್ಸಾದೋನು,” ಅಂದೇಬಿಟ್ಟ. ಡೋರ್ಕಸ್ ಅವನ ಕಡೆ ತಿರುಗಿಯೂ ನೋಡಲಿಲ್ಲ. ಏಳನೇ ಸಲ ಗಂಟಲ ಗಂಟು ಎರಡು ಸಲ ಪುಳಕ್ಕನೆ ಇಳಿಯಿತು. ಅಬೊಡೆ. ಸತ್ತ ಹನ್ನೊಂದು ವರ್ಷದ ಮೇಲೆ ಅವಳ ಹೆಸರು, ಅವಳ ಮಾತನ್ನು ಒಯ್ದವನ ಬಾಯಿಂದ, ಹೇಗಿರಬೇಕೋ ಹಾಗೆ ಬಯಲಿನ ಮೇಲೆ ಹೋಯಿತು.

“ಹೂಂ, ಅವಳೇ,” ಅಂದಳು ಡೋರ್ಕಸ್.

ಸತ್ತ ಹಿರಿಯರನ್ನು ಎರಡು ಸಲ ಕೆಟ್ಟದಾಗಿ ಕರೆದು ಹಾಗೇ ಬಿಡುವಂತಿರಲಿಲ್ಲ. ಅಮಾಂಗಿ ಕೋಲನ್ನು ಅವಳ ಕಡೆ ಚಾಚಿದ. ಹೆಂಗಸು ಆ ಕೋಲು ಹಿಡಿದದ್ದು ಅದಕ್ಕೂ ಮುಂಚೆ ಯಾರೂ ಕಂಡಿರಲಿಲ್ಲ, ಆದರೆ ಯಾರೂ ಬೇಡ ಅನ್ನಲಿಲ್ಲ. ಅವಳು ಕೈಕೈ ಎರೆದು ಸಾಲನ್ನು ಸರಿಯಾಗಿ ಕರೆದಳು. ದಾರಿ ಬಿಟ್ಟವನು ಬಂದ, ಮೊಸಳೆಯ ಅಣ್ಣ ಬಂದ, ಅನ್ನ ಹಾಕಿದವಳು ಬಂದಳು. ನುಂಗಬೇಕಾದಲ್ಲಿ ನುಂಗುತ್ತ, ಬಿಡಬೇಕಾದಲ್ಲಿ ಬಿಡುತ್ತ ಹೋದಳು. ಸಾಲು ಮುಗಿಯುವಾಗ ಕ್ಲಿಫರ್ಡ್ ತಲೆ ಎತ್ತಿ ಅವಳ ಗಂಟಲನ್ನೇ ನೋಡುತ್ತಿದ್ದ.

ಕ್ಲಿಫರ್ಡ್ ಮೂರನೇ ಸಲ ಕರೆಯುವ ಮಾತೇ ಬರಲಿಲ್ಲ, ಟೋಪಿ ಪೆಟ್ಟಿಗೆಯೊಳಕ್ಕೆ ಹೋಯಿತು. ಇಬ್ಬರಿಗೂ ದಂಡ ಬಿತ್ತು, ಒಂದೊಂದು ಆಡು. ಅಮಾಂಗಿಗೆ ಮಾತ್ರ ಬಂದ ನೆಂಟರ ಮುಂದೆ ಮುಖ ಉಳಿಸಿಕೊಳ್ಳಬೇಕಿತ್ತು. “ಮುಂದಿನ ಬೇಸಗೆಗೆ ನೋಡೋಣ,” ಅಂದ. “ಡೋರ್ಕಸ್, ಅಷ್ಟರಲ್ಲಿ ನೀನು ಇವನಿಗೆ ನೆಟ್ಟಗೆ ಕಲಿಸಿಬಿಡು. ಹೆಸರು ಹಾಕಿ ಪುಸ್ತಕ ತಿದ್ದಿಸ್ತಾನೆ.”

“ತಿದ್ದಿಸ್ತೀನಿ,” ಅಂದ ಕ್ಲಿಫರ್ಡ್. ದನಿ ಸಣ್ಣಗಾಗಿತ್ತು. “ಅಕ್ಕಾ, ನಂಗೆ ಇವತ್ತು ಕೇಳಿಸ್ತು. ಎರಡೂ ಬೇರೆ ಬೇರೆ ಅಂತ ಮೊದಲ್ನೇ ಸಲ ಕಿವಿಗೆ ಬಿತ್ತು.”

“ಕೇಳಿಸ್ತಲ್ಲ,” ಅಂದಳು ಡೋರ್ಕಸ್, ಕೋಲನ್ನು ಅಮಾಂಗಿಯ ಕೈಗೆ ಕೊಡುತ್ತ. “ಇನ್ನು ಸಾಯೋವರೆಗೂ ಕೇಳಿಸ್ಲಿ. ನಿಮ್ಮ ಬಾಯಲ್ಲಿ ತಪ್ಪು ಬರೋವಾಗೆಲ್ಲ ಕೇಳಿಸ್ಲಿ. ಕಲಿಸೋದು ಮಾತ್ರ ಇಲ್ಲ.”

ಅಮಾಂಗಿ ಮತ್ತೆ ಏನೋ ಹೇಳಹೊರಟ. ಅವಳು ಆಗಲೇ ಹೆಂಗಸರ ಸಾಲು ದಾಟಿ ಹೊಳೆಯ ದಾರಿ ಹಿಡಿದಿದ್ದಳು. ಜಂತಿಯ ಮೇಲೆ ಎರಡನೇ ದಿನದ ಮೀನಿತ್ತು, ಮಗುಚುವ ಹೊತ್ತಾಗಿತ್ತು.